ಜನವರಿ 26: ನಂದಗಡದ ಗಲ್ಲು, ತರೀಕೆರೆಯ ಕೂಟ

1831ರ ಜನವರಿ 26ರಂದು ಬೆಳಗಾವಿ ಸೀಮೆಯ ನಂದಗಡದಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿತು. ಅದೇ ಚಳಿಗಾಲದಲ್ಲಿ, ಅಲ್ಲಿಂದ ಬಹುದೂರ ದಕ್ಷಿಣಕ್ಕೆ, ಮೈಸೂರು ಸಂಸ್ಥಾನದ ತರೀಕೆರೆ ಸೀಮೆಯೂ ಹೊತ್ತಿ ಉರಿಯುತ್ತಿತ್ತು. ರೈತರು ಕಂದಾಯ ಕೊಡುವುದಿಲ್ಲವೆಂದು ಕೂಟ ಕಟ್ಟಿದ್ದರು. ಅಧಿಕಾರ ಕಳೆದುಕೊಂಡಿದ್ದ ಹಳೆಯ ಪಾಳೆಯಗಾರರ ಮನೆಯವರು ಬೆಟ್ಟದ ಕೋಟೆಗಳಿಗೆ ಮರಳಿದ್ದರು. ನಂದಗಡದ ಕಥೆಯನ್ನು ಕನ್ನಡ ನಾಡೆಲ್ಲ ಬಲ್ಲದು. ತರೀಕೆರೆಯ ಕಥೆಯನ್ನು ತರೀಕೆರೆಯಲ್ಲೇ ಹೇಳುವವರು ಕಡಿಮೆ.

ಜನವರಿ 26 ಎಂದರೆ ನಮಗೆಲ್ಲ ಗಣರಾಜ್ಯೋತ್ಸವ. ಆದರೆ ಆ ಒಂದು ತಾರೀಖಿನಲ್ಲಿ ಒತ್ತೊತ್ತಾಗಿ ಕೂತಿರುವ ಸಂಗತಿಗಳು ಬಹಳ. 1831ರಲ್ಲಿ ರಾಯಣ್ಣನ ಗಲ್ಲು. 1915ರಲ್ಲಿ ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ಜನನ. ಅದೇ ವರ್ಷ, ಅದೇ ದಿನ, ಮಣಿಪುರದ ಗುಡ್ಡಗಾಡಿನಲ್ಲಿ ರಾಣಿ ಗೈಡಿನ್ಲಿಯು ಜನನ. 1930ರಲ್ಲಿ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ, 1950ರಲ್ಲಿ ಸಂವಿಧಾನದ ಜಾರಿ. ಇವುಗಳ ನಡುವೆ ಕಡೂರು, ತರೀಕೆರೆ, ಅಜ್ಜಂಪುರಗಳ ಹೆಸರು ಎಲ್ಲೂ ಕಾಣುವುದಿಲ್ಲ. ಹೀಗಿದ್ದರೂ ಈ ಎಲ್ಲ ಘಟನೆಗಳ ಒಳಗೆ ಹರಿಯುವ ಎರಡು ಪ್ರಶ್ನೆಗಳು ಈ ಸೀಮೆಯವೇ: ಕಂದಾಯವನ್ನು ಯಾರು ಎಷ್ಟು ಕೇಳಬಹುದು? ಜನ ಒಟ್ಟು ಸೇರಿ ಇಲ್ಲವೆನ್ನಬಹುದೇ?

ರಾಯಣ್ಣನ ಬದುಕಿನಲ್ಲೂ ಕಂದಾಯದ ಮಾತು ಬರುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ 1829ರಲ್ಲಿ ಅಲ್ಲೇ ತೀರಿಕೊಂಡಳು. ಕಿತ್ತೂರಿನ ಪರ ಕಾದಿದ್ದ ಸಂಗೊಳ್ಳಿಯ ರಾಯಣ್ಣನ ಮನೆತನದ ಹೊಲಗಳಲ್ಲಿ ಬಹುಪಾಲನ್ನು ಕಂಪನಿ ಕಿತ್ತುಕೊಂಡಿತು, ಉಳಿದದ್ದರ ಮೇಲೆ ಭಾರಿ ಕಂದಾಯ ಹೇರಿತು. 1830ರ ಆರಂಭದಲ್ಲಿ ಅವನು ದಂಡು ಕಟ್ಟಿಕೊಂಡು ಎದ್ದ. ಅವನ ಜನ ಮೊದಲು ಮುಗಿಬಿದ್ದದ್ದು ಸರ್ಕಾರಿ ಕಚೇರಿಗಳ ಮೇಲೆ, ಕಂದಾಯದ ಕಾಗದಗಳ ಮೇಲೆ. ಬೀಡಿಯ ಕಚೇರಿ ಸುಟ್ಟಿತು. ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಯಲ್ಲಿ ಕೂರಿಸಬೇಕೆಂಬುದು ಅವನ ಹಂಬಲವಾಗಿತ್ತು. ತನ್ನವರೆನಿಸಿಕೊಂಡವರೇ ಹಿಡಿದುಕೊಟ್ಟರು. ಏಪ್ರಿಲ್‌ನಲ್ಲಿ ಸೆರೆ, ಮರುವರ್ಷದ ಜನವರಿಯಲ್ಲಿ ಗಲ್ಲು.

ಈಗ ತರೀಕೆರೆಗೆ ಬರೋಣ.

ಭೂಪಟದಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಹತ್ತಿರ ಹತ್ತಿರ. ನೆಲ ಮಾತ್ರ ಬೇರೆ ಬೇರೆ. ತರೀಕೆರೆಯ ಪಶ್ಚಿಮಕ್ಕೆ ಬಾಬಾ ಬುಡನ್‌ಗಿರಿಯ ಸಾಲು, ಕಾಡು, ಅಡಿಕೆ ತೋಟ, ಭದ್ರೆಯ ಕಣಿವೆ. ಪೂರ್ವಕ್ಕೆ ಸರಿದರೆ ಅಜ್ಜಂಪುರದ ಎರೆಭೂಮಿ, ಅಮೃತ ಮಹಲ್ ದನಗಳ ಕಾವಲು. ದಕ್ಷಿಣಕ್ಕೆ ಕಡೂರಿನ ಬಯಲು, ಮಳೆ ಕಡಿಮೆ, ಕೆರೆ ತುಂಬಿದರೆ ಮಾತ್ರ ಬೆಳೆ. ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಈ ಅಂಚನ್ನು ಹಿಡಿದವರಿಗೆ ಎರಡೂ ಕಡೆಯ ದಾರಿಗಳು ಸಿಗುತ್ತಿದ್ದವು. ತರೀಕೆರೆಯ ಪಾಳೆಯಗಾರರಿಗೆ ಬಲ ಬಂದದ್ದು ಈ ನೆಲೆಯಿಂದಲೇ.

ಅವರು ಮೂಲತಃ ಬಸವಾಪಟ್ಟಣ, ಸಂತೇಬೆನ್ನೂರಿನ ನಾಯಕರ ಮನೆತನದವರು. ವಿಜಯನಗರ ಬಿದ್ದ ಮೇಲೆ ನಡುಕನ್ನಡ ನಾಡಿನಲ್ಲಿ ತಲೆಯೆತ್ತಿದ ಹಲವು ನಾಯಕ ಮನೆತನಗಳಲ್ಲಿ ಇದೂ ಒಂದು. ಸಂತೇಬೆನ್ನೂರಿನ ಪ್ರಸಿದ್ಧ ಪುಷ್ಕರಣಿಯನ್ನು ಕಟ್ಟಿಸಿದ ಕೆಂಗ ಹನುಮಪ್ಪ ನಾಯಕ ಇದೇ ವಂಶದವನು. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ದಂಡಯಾತ್ರೆಯಲ್ಲಿ ಬಸವಾಪಟ್ಟಣ ಕೈತಪ್ಪಿದ ಮೇಲೆ ಅವರು ದಕ್ಷಿಣಕ್ಕೆ ಸರಿದು, ಕೊನೆಗೆ ತರೀಕೆರೆಯನ್ನು ನೆಲೆಯಾಗಿ ಮಾಡಿಕೊಂಡರು. ಹೈದರಾಲಿಯ ಕಾಲಕ್ಕೆ ಅವರ ಸ್ವತಂತ್ರ ಆಳ್ವಿಕೆ ಮುಗಿಯಿತು. ಹೆಸರು ಉಳಿಯಿತು, ಸೀಮೆ ಹೋಯಿತು.

1799ರಲ್ಲಿ ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಮೈಸೂರು ಮತ್ತೆ ಒಡೆಯರ ಕೈಗೆ ಬಂತು. ಬಂದದ್ದು ಪುಕ್ಕಟೆಯಾಗಿ ಅಲ್ಲ. ವರ್ಷಕ್ಕೆ 7 ಲಕ್ಷ ವರಾಹ, ಎಂದರೆ ಸುಮಾರು 24.5 ಲಕ್ಷ ರೂಪಾಯಿ, ಕಂಪನಿಗೆ ಕಟ್ಟಬೇಕೆಂಬ ಕರಾರು ಅದರ ಜೊತೆಗಿತ್ತು. ದಿವಾನ್ ಪೂರ್ಣಯ್ಯ ಇದ್ದಷ್ಟು ಕಾಲ ಬೊಕ್ಕಸ ತುಂಬಿತ್ತು. ಅವರು ಅಧಿಕಾರ ಬಿಟ್ಟ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ಖರ್ಚು ಏರಿತು, ಧಾನ್ಯದ ಬೆಲೆ ಇಳಿಯಿತು, ಸಾಲ ಬೆಳೆಯಿತು. ಆಗ ಶರತ್ತು ಪದ್ಧತಿ ಬಂತು. ಅಮಲ್ದಾರ ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಖಜಾನೆಗೆ ಕಟ್ಟಿಯೇ ಕಟ್ಟುತ್ತೇನೆಂದು ಬರೆದುಕೊಡಬೇಕು. ಹೆಚ್ಚು ಬಂದರೆ ಅದೂ ಸರ್ಕಾರದ್ದು. ಕಡಿಮೆ ಬಿದ್ದರೆ ಅಮಲ್ದಾರನೇ ತುಂಬಿಕೊಡಬೇಕು. ಅವನು ಎಲ್ಲಿಂದ ತರುತ್ತಾನೆ? ರೈತನ ಕಣದಿಂದ, ರೈತನ ಹಟ್ಟಿಯಿಂದ. ನೂರಾರು ಬಗೆಯ ಚಿಲ್ಲರೆ ತೆರಿಗೆಗಳು ಇದರ ಮೇಲೆ. ದೂರು ಹೇಳಿಕೊಳ್ಳಲು ಹೋದರೆ ಕೇಳುವವನೂ ವಸೂಲಿಗೆ ಬಂದವನೇ.

ಮೈಸೂರು ಸಂಸ್ಥಾನದ ಆಡಳಿತ ವಿಭಾಗಗಳಲ್ಲಿ ಒಂದಾದ, ಮಲೆನಾಡಿನ ನಗರ ಫೌಜುದಾರಿಯ ರೈತರು ಇದಕ್ಕೆ ಕೊಟ್ಟ ಉತ್ತರ ಕೂಟ. ಒಂದು ಊರಿನವರು ಇನ್ನೊಂದು ಊರಿಗೆ ಓಲೆ ಕಳಿಸುವುದು, ಬಯಲಿನಲ್ಲಿ ಸೇರುವುದು, ಕಂದಾಯ ಕಟ್ಟುವುದಿಲ್ಲವೆಂದು ಒಮ್ಮತದಿಂದ ನಿಲ್ಲುವುದು. ಆರಂಭದಲ್ಲಿ ಇದರಲ್ಲಿ ಕತ್ತಿ ಕೋವಿಗಳ ಮಾತಿರಲಿಲ್ಲ. 1830ರಲ್ಲಿ ಬಸವಾಪಟ್ಟಣದ ಕಡೆ, ಆನಂದಪುರದ ಬಳಿಯ ಹೊಸಂತೆಯಲ್ಲಿ ಕೂಟಗಳು ಸೇರಿದವು. ಹೊಸಂತೆಯ ಕೂಟದ ಮೇಲೆ ಸರ್ಕಾರದ ಸವಾರರು ಬಿದ್ದರು, ಜನ ಸತ್ತರು. ಅಲ್ಲಿಂದ ಮುಂದೆ ಇದು ದಂಗೆಯಾಯಿತು. ಕೆಳದಿಯ ರಾಜವಂಶಕ್ಕೆ ತಾನೇ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ನಗರದ ದೊರೆಯೆನಿಸಿಕೊಂಡ. ಆ ಹೊತ್ತಿಗೆ ತರೀಕೆರೆಯ ಮನೆತನದ ರಂಗಪ್ಪ ನಾಯಕನೂ ದಂಗೆಗೆ ಸೇರಿ, ತನ್ನ ಹಿರಿಯರ ಸೀಮೆಯ ಕಲ್ದುರ್ಗ, ಕಾಮನದುರ್ಗಗಳನ್ನು ಹಿಡಿದ.

ಅರಮನೆ ಬೆಚ್ಚಿತು. 1830ರ ಡಿಸೆಂಬರ್‌ನಲ್ಲಿ ಮಹಾರಾಜರೇ ದಂಡಿನೊಡನೆ ಚನ್ನರಾಯಪಟ್ಟಣಕ್ಕೆ ಹೊರಟರು. ಬ್ರಿಟಿಷ್ ರೆಸಿಡೆಂಟ್ ಕ್ಯಾಸಮೇಜರ್ ಜೊತೆಗಿದ್ದ. ಸಿಕ್ಕವರಲ್ಲಿ ಕೆಲವರನ್ನು ಗಲ್ಲಿಗೇರಿಸಿದರೂ ಕೂಟ ಚದುರಲಿಲ್ಲ. ರಾಯಣ್ಣನ ಕೊರಳಿಗೆ ಹಗ್ಗ ಬಿದ್ದ ಹೊತ್ತಿಗೆ ನಗರದ ಸುತ್ತಣ ಮಲೆನಾಡಿನಲ್ಲಿ ದಂಗೆ ಅಡಗಿರಲಿಲ್ಲ. ಮೈಸೂರಿನ ಪಡೆಗೆ ಒಂದಾದ ಮೇಲೊಂದು ಕೋಟೆ ಹಿಡಿಯಲು ತಿಂಗಳುಗಳೇ ಹಿಡಿದವು. ಕೊನೆಗೆ ಕಂಪನಿಯ ಸೈನ್ಯವೇ ಇಳಿಯಬೇಕಾಯಿತು. ನಗರ ಬಿದ್ದದ್ದು 1831ರ ಜೂನ್‌ನಲ್ಲಿ.

ದಂಗೆ ಸೋತಿತು, ಆದರೆ ಅದರ ಹೊಡೆತ ಅರಮನೆಯ ಮೇಲೂ ಬಿತ್ತು. ರೈತರು ಹೀಗೆ ಏಳಬೇಕಾದರೆ ಆಡಳಿತ ಕೆಟ್ಟಿದೆಯೆಂದು ಗವರ್ನರ್ ಜನರಲ್ ಬೆಂಟಿಂಕ್ ತೀರ್ಮಾನಿಸಿದ. ಸೆಪ್ಟೆಂಬರ್ 7ರಂದು ಮಹಾರಾಜರಿಗೆ ಪತ್ರ ಬರೆದ, ಅಕ್ಟೋಬರ್ 19ರಂದು ಮೈಸೂರಿನ ಆಡಳಿತ ಕಂಪನಿಯ ಕೈಗೆ ಹೋಯಿತು. ಆಮೇಲೆ ನೇಮಕವಾದ ವಿಚಾರಣಾ ಸಮಿತಿ 1833ರಲ್ಲಿ ಕೊಟ್ಟ ವರದಿಯನ್ನು ನೋಡಿ ಬೆಂಟಿಂಕನಿಗೇ ತಾನು ಆತುರಪಟ್ಟೆನೆನಿಸಿತು. ಆದರೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದಕ್ಕೆ ಮೈಸೂರು 1881ರ ಮಾರ್ಚ್ 25ರವರೆಗೆ ಕಾಯಬೇಕಾಯಿತು. ಐವತ್ತು ವರ್ಷಗಳ ಕಮಿಷನರ್ ಆಳ್ವಿಕೆಗೆ ದಾರಿ ಮಾಡಿದ್ದು ನಗರ ಸೀಮೆಯ ಕೂಟ.

ತರೀಕೆರೆಯ ಮನೆತನ ಇಷ್ಟಕ್ಕೇ ಶಾಂತವಾಗಲಿಲ್ಲ. ಸರ್ಜಾ ಹನುಮಪ್ಪ ನಾಯಕ ಸೆರೆಸಿಕ್ಕು 1834ರಲ್ಲಿ ಗಲ್ಲಿಗೇರಿದ. ಆ ವರ್ಷವೇ ಕೊಡಗನ್ನು ಕಂಪನಿ ನುಂಗಿತು. 1837ರಲ್ಲಿ ಸುಳ್ಯದಿಂದ ಎದ್ದ ರೈತರು ಮಂಗಳೂರಿನವರೆಗೆ ನಡೆದರು. ಕಿತ್ತೂರು, ನಗರ, ತರೀಕೆರೆ, ಕೊಡಗು, ಸುಳ್ಯ: ಹದಿಮೂರು ವರ್ಷಗಳಲ್ಲಿ ಕನ್ನಡ ನಾಡಿನ ಪಶ್ಚಿಮದ ಸೆರಗು ಪೂರ್ತಿಯಾಗಿ ಹೊತ್ತಿಕೊಂಡಿತ್ತು. ಇದನ್ನು ಬಿಡಿಬಿಡಿ ಗಲಭೆಗಳೆಂದು ಓದುವ ಅಭ್ಯಾಸವನ್ನು ನಾವು ಬಿಡಬೇಕು.

ಹಾಗೆಂದು ಇಲ್ಲದ್ದನ್ನು ಸೇರಿಸಿಯೂ ಹೇಳಬಾರದು. ತರೀಕೆರೆಯ ನಾಯಕರು ದೇಶದ ಸ್ವಾತಂತ್ರ್ಯಕ್ಕಾಗಿ ಕಾದಿದರೆನ್ನುವುದು ಸರಿಯಲ್ಲ. ಅವರು ಕೇಳಿದ್ದು ತಮ್ಮ ಹಿರಿಯರ ಸೀಮೆಯನ್ನು. ಬೂದಿ ಬಸವಪ್ಪ ಬಯಸಿದ್ದು ಒಂದು ಗಾದಿಯನ್ನು. ರೈತ ಕೇಳಿದ್ದು ಮಾತ್ರ ಬೇರೆ: ಬೆಳೆದದ್ದರಲ್ಲಿ ಉಣ್ಣುವಷ್ಟಾದರೂ ತನಗೆ ಉಳಿಯಲಿ ಎಂದು. ನಾಯಕರಿಗೆ ರೈತರ ಸಿಟ್ಟು ಬೇಕಿತ್ತು, ರೈತರಿಗೆ ನಾಯಕರ ಕೋಟೆಗಳು ಬೇಕಿದ್ದವು. ಈ ಹೊಂದಾಣಿಕೆ ಮುರಿದ ಮೇಲೆ ಗಲ್ಲಿಗೇರಿದವರ ಹೆಸರು ದಾಖಲೆಯಲ್ಲಿ ಉಳಿಯಿತು, ಕೂಟದಲ್ಲಿ ಕೂತು ಮೊದಲು ಇಲ್ಲವೆಂದವರ ಹೆಸರು ಉಳಿಯಲಿಲ್ಲ. ಇಡೀ ಪ್ರಕರಣದಲ್ಲಿ ದೊಡ್ಡ ಧೈರ್ಯ ಯಾರದೆಂದು ಕೇಳಿದರೆ, ಆ ಹೆಸರಿಲ್ಲದವರದೆಂದೇ ಹೇಳಬೇಕಾಗುತ್ತದೆ.

ಆ ಜನರಲ್ಲಿ ಯಾರೂ ರಾಯಣ್ಣನ ಗಲ್ಲಿನ ದಿನವನ್ನು ಜನವರಿ 26 ಎಂದು ಕರೆದಿರಲಾರರು. ಅವರ ಲೆಕ್ಕದಲ್ಲಿ ಅದು ಶಾಲಿವಾಹನ ಶಕ 1752, ವಿಕೃತಿ ಸಂವತ್ಸರ. ದಿನವನ್ನು ಗುರುತಿಸುವುದರಲ್ಲಿ ಈ ಸೀಮೆಗೆ ಹಳೆಯ ಪಳಗಿಕೆಯಿದೆ. ಕಡೂರಿನ ಕೋಟೆಯ ಬಳಿ ಸಿಕ್ಕ ಕಂಬದ ಶಾಸನವು ಗಂಗರ ಬೂತುಗನ ಅಕ್ಕ ಪಾಂಬಬ್ಬೆ ತಲೆ ಬೋಳಿಸಿಕೊಂಡು ಮೂವತ್ತು ವರ್ಷ ತಪಸ್ಸು ಮಾಡಿ 971ರಲ್ಲಿ ದೇಹ ಬಿಟ್ಟದ್ದನ್ನು ಹೇಳುತ್ತದೆ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿಸಿದ. ಅಲ್ಲಿನ ಶಾಸನದ ಕವಿ ಜನ್ನ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಕಲ್ಲಿನಲ್ಲಿ ಕೊರೆದು, ಸೂರ್ಯಚಂದ್ರರಿರುವ ತನಕ ಉಳಿಯಲೆಂದು ಬರೆಸುತ್ತಿದ್ದ ನಾಡು ಇದು. ರಾಣಿಗೆ, ದಂಡನಾಯಕನಿಗೆ, ಯುದ್ಧದಲ್ಲಿ ಸತ್ತ ವೀರನಿಗೆ ಕಲ್ಲು ನಿಂತವು. 1830ರ ರೈತನಿಗೆ ಕಲ್ಲು ನಿಲ್ಲಿಸುವವರಿರಲಿಲ್ಲ.

ಇಂಗ್ಲಿಷ್ ತಾರೀಖು ಈ ಊರುಗಳಿಗೆ ಬಂದದ್ದು ಕಮಿಷನರ್ ಕಾಲದ ಕಚೇರಿ ಕಾಗದಗಳೊಂದಿಗೆ. 1863ರಲ್ಲಿ ಕಡೂರು ಜಿಲ್ಲೆಯಾಯಿತು. ಎರಡೇ ವರ್ಷಕ್ಕೆ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿಗೆ ಹೋಯಿತು, ಹೆಸರು ಮಾತ್ರ 1947ರವರೆಗೂ ಕಡೂರು ಜಿಲ್ಲೆಯೆಂದೇ ಉಳಿಯಿತು. 1880ರ ದಶಕದ ಕೊನೆಗೆ ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ರೈಲು ಕಡೂರು, ಬೀರೂರು, ಅಜ್ಜಂಪುರಗಳನ್ನು ಜೋಡಿಸಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲೊಡೆದ ಹಳಿ ತರೀಕೆರೆಯನ್ನು ತಲುಪಿತು. ರೈಲಿನ ವೇಳಾಪಟ್ಟಿ, ಶಾಲೆಯ ಹಾಜರಿ ಪುಸ್ತಕ, ಕಂದಾಯದ ಕಂತು, ಕೋರ್ಟಿನ ವಾಯಿದೆ ಎಲ್ಲವೂ ಒಂದೇ ಕ್ಯಾಲೆಂಡರಿಗೆ ಬಂದವು. ಹಬ್ಬ, ಮದುವೆ, ಬಿತ್ತನೆಗಳು ಪಂಚಾಂಗದಲ್ಲೇ ಉಳಿದವು.

1915ರ ಜನವರಿ 26ರಂದು ಮಂಡ್ಯ ಸೀಮೆಯ ಕಿಕ್ಕೇರಿಯಲ್ಲಿ ಹುಟ್ಟಿದ ಮಗು ಮುಂದೆ ಸರ್ಕಾರಿ ಕಚೇರಿಯಲ್ಲಿ ನೌಕರಿ ಮಾಡುತ್ತ ಕನ್ನಡದ ದಾಂಪತ್ಯ ಕವಿಯಾಗಿ ಬೆಳೆಯಿತು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಹೊರಬಂದದ್ದು 1942ರಲ್ಲಿ. ಹಳ್ಳಿಯ ಮನೆ, ಅತ್ತೆ ಮಾವಂದಿರು, ಹೊಸ ಮದುಮಗಳ ನಾಚಿಕೆ, ಇದ್ದಷ್ಟರಲ್ಲಿ ನೆಮ್ಮದಿಯಾಗಿರುವ ಬದುಕು ಅದರಲ್ಲಿ ತುಂಬಿವೆ. ಆ ಸಂಕಲನದ ಪ್ರಸಿದ್ಧ ಪದ್ಯಗಳಲ್ಲೊಂದು ‘ಶಾನುಭೋಗರ ಮಗಳು’. ಅದಕ್ಕೆ ನೂರ ಹನ್ನೆರಡು ವರ್ಷಗಳ ಹಿಂದೆ ನಗರ ಸೀಮೆಯ ರೈತನಿಗೆ ಶಾನುಭೋಗನೆಂದರೆ ಕಂದಾಯದ ಕಡತ ಹಿಡಿದು ಬರುವವನು. ನರಸಿಂಹಸ್ವಾಮಿಯವರು ಅದೇ ಮನೆಯ ಒಳಗಿನ ಮಗಳನ್ನು ಕನ್ನಡಿಗರಿಗೆ ತೋರಿಸಿದರು. 1977ರಲ್ಲಿ ‘ತೆರೆದ ಬಾಗಿಲು’ ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಣರಾಜ್ಯದ ದಿನವೇ ತಮ್ಮ ಪ್ರೀತಿಯ ಕವಿಯ ಹುಟ್ಟುಹಬ್ಬವೂ ಹೌದೆಂಬುದು ಇವತ್ತಿಗೂ ಬಹಳ ಓದುಗರಿಗೆ ನೆನಪಿರುವುದಿಲ್ಲ.

ಕಿಕ್ಕೇರಿಯಲ್ಲಿ ಆ ಮಗು ಹುಟ್ಟಿದ ದಿನವೇ ಮಣಿಪುರದ ಪಶ್ಚಿಮದ ಬೆಟ್ಟಗಳ ಒಂದು ನಾಗಾ ಹಳ್ಳಿಯಲ್ಲಿ ಗೈಡಿನ್ಲಿಯು ಹುಟ್ಟಿದಳು. ಅವಳ ಬದುಕಿನ ಕಥೆ ತರೀಕೆರೆಯವರಿಗೆ ಹೊಸದೆನಿಸದು. ಬಂಧುವಾದ ಹೈಪೌ ಜಡೊನಾಂಗ್ ಕಟ್ಟಿದ ಚಳವಳಿಗೆ ಹದಿಮೂರರ ವಯಸ್ಸಿನಲ್ಲಿ ಸೇರಿದಳು. ಬ್ರಿಟಿಷರಿಗೆ ಮನೆ ತೆರಿಗೆ ಕೊಡಬೇಡಿರೆಂಬುದು ಆ ಚಳವಳಿಯ ಮುಖ್ಯ ಮಾತು. 1931ರ ಆಗಸ್ಟ್ 29ರಂದು, ರಾಯಣ್ಣ ಗಲ್ಲಿಗೇರಿದ ನೂರನೆಯ ವರ್ಷದಲ್ಲಿ, ಜಡೊನಾಂಗ್‌ನನ್ನು ಇಂಫಾಲದಲ್ಲಿ ಗಲ್ಲಿಗೇರಿಸಿದರು. ಚಳವಳಿಯ ಭಾರ ಹುಡುಗಿಯ ಹೆಗಲಿಗೆ ಬಂತು. 1932ರ ಅಕ್ಟೋಬರ್ 17ರಂದು ಸೆರೆಸಿಕ್ಕಾಗ ಅವಳಿಗೆ ಹದಿನೇಳು ತುಂಬಿತ್ತು. ಶಿಕ್ಷೆ ಜೀವಾವಧಿ. 1937ರಲ್ಲಿ ಶಿಲ್ಲಾಂಗ್ ಜೈಲಿನಲ್ಲಿ ಅವಳನ್ನು ಕಂಡ ಜವಾಹರಲಾಲ್ ನೆಹರು ರಾಣಿಯೆಂದು ಕರೆದರು, ಆ ಹೆಸರು ಉಳಿಯಿತು. ದೇಶ ಸ್ವತಂತ್ರವಾದಾಗಲೇ ಅವಳಿಗೂ ಬಿಡುಗಡೆ. ಒಬ್ಬರು ಮನೆಯೊಳಗಿನ ಬದುಕನ್ನು ಹಾಡಿದರು, ಇನ್ನೊಬ್ಬಳಿಗೆ ಹದಿನಾಲ್ಕು ವರ್ಷ ಮನೆಯೇ ಇರಲಿಲ್ಲ.

ಇವರಿಬ್ಬರಿಗೆ ಹದಿನೈದು ತುಂಬಿದ ದಿನ ದೇಶದ ಊರೂರುಗಳಲ್ಲಿ ಒಂದು ಪ್ರತಿಜ್ಞೆಯನ್ನು ಓದಲಾಯಿತು. 1929ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ನೆಹರು ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಪೂರ್ಣ ಸ್ವರಾಜ್ಯದ ಠರಾವು ಮಾಡಿತ್ತು. 1930ರ ಜನವರಿ 26ನ್ನು ಸ್ವಾತಂತ್ರ್ಯ ದಿನವಾಗಿ ಆಚರಿಸಲು ಕರೆ ಹೋಯಿತು. ಆ ಪ್ರತಿಜ್ಞೆಯ ಒಕ್ಕಣೆಯಲ್ಲಿ ಆದರ್ಶದ ಮಾತುಗಳ ಜೊತೆಗೆ ಲೆಕ್ಕವೂ ಇದೆ: ನಾವು ಕೊಡುವ ಭಾರಿ ತೆರಿಗೆಗಳಲ್ಲಿ ನೂರಕ್ಕೆ 20 ಪಾಲು ರೈತರ ಭೂಕಂದಾಯದಿಂದ, 3 ಪಾಲು ಬಡವರ ಮೇಲೆ ಬೀಳುವ ಉಪ್ಪಿನ ತೆರಿಗೆಯಿಂದ ಬರುತ್ತದೆಂದು ಅದು ಎಣಿಸಿ ಹೇಳುತ್ತದೆ. ಹೊಸಂತೆಯ ಕೂಟ ಕೇಳಿದ್ದನ್ನೇ ಒಂದು ಶತಮಾನದ ಮೇಲೆ ಇಡೀ ದೇಶ ಕೇಳಿತು.

ಕಡೂರು, ತರೀಕೆರೆಗಳು ಆಗ ಮಹಾರಾಜರ ಸಂಸ್ಥಾನದಲ್ಲಿದ್ದವು, ಚಳವಳಿಯ ಬಿರುಸು ಇಲ್ಲಿಗೆ ತಡವಾಗಿ ಬಂತು. ಆದರೆ ಬಂದಾಗ ಹಳೆಯ ನಗರ ಸೀಮೆ ಮತ್ತೆ ಮುಂದೆ ನಿಂತಿತು. ‘ಮೈಸೂರ ಮಲ್ಲಿಗೆ’ ಅಚ್ಚಾದ 1942ರಲ್ಲೇ ಶಿಕಾರಿಪುರ ತಾಲ್ಲೂಕಿನ ಈಸೂರು ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದಿತು, ತಾನು ಸ್ವತಂತ್ರವೆಂದು ಸಾರಿತು, ಗುಡಿಯ ಮೇಲೆ ಬಾವುಟ ಏರಿಸಿತು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಘೋಷಣೆ ಹುಟ್ಟಿದ್ದು ಅಲ್ಲಿಯೇ. ಮರುವರ್ಷದ ಮಾರ್ಚ್‌ನಲ್ಲಿ ಐದು ಮಂದಿ ಗಲ್ಲಿಗೇರಿದರು.

ಸಂವಿಧಾನ ಸಭೆ ತನ್ನ ಕೆಲಸ ಮುಗಿಸಿ ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಜಾರಿಗೆ ತರಲು ಎರಡು ತಿಂಗಳು ಕಾದದ್ದು 1930ರ ಆ ದಿನದ ಗೌರವಕ್ಕಾಗಿ. ಮೈಸೂರಿನಿಂದ ಆ ಸಭೆಯಲ್ಲಿ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ ಮೊದಲಾದವರಿದ್ದರು. ಕರಡಿನ ಬುನಾದಿ ಹಾಕಿದ ಸಲಹೆಗಾರ ಬೆನೆಗಲ್ ನರಸಿಂಗ ರಾಯರು ಕರಾವಳಿಯವರು. 1950ರ ಜನವರಿ 26ರಂದು ಜಯಚಾಮರಾಜ ಒಡೆಯರು ಮೈಸೂರು ರಾಜ್ಯದ ರಾಜಪ್ರಮುಖರಾದರು. ತರೀಕೆರೆ, ನಗರಗಳ ದಂಗೆಯ ನೆಪದಲ್ಲಿ ಅಧಿಕಾರ ಕಳೆದುಕೊಂಡ ಮುಮ್ಮಡಿಯವರು ಇವರ ಮುತ್ತಾತ. ಅವರಿಂದ ಕಿತ್ತುಕೊಂಡದ್ದನ್ನು ಇವರು ಜನರಿಗೆ ಒಪ್ಪಿಸಿದರು.

ಆ ದಿನ ಜಾರಿಗೆ ಬಂದ ಪುಸ್ತಕದಲ್ಲಿ ಎರಡು ವಿಧಿಗಳನ್ನು ಈ ಸೀಮೆಯವರು ವಿಶೇಷವಾಗಿ ಓದಬೇಕು. ಒಂದು 19ನೇ ವಿಧಿ: ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವುದು ಪ್ರಜೆಗಳ ಹಕ್ಕು. 1830ರಲ್ಲಿ ಸವಾರರು ತುಳಿದ ಕೂಟ ಇದೇ. ಇನ್ನೊಂದು 265ನೇ ವಿಧಿ: ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹೇರುವಂತಿಲ್ಲ, ವಸೂಲು ಮಾಡುವಂತಿಲ್ಲ. ಶರತ್ತಿನ ಅಮಲ್ದಾರನ ಕೈ ಕಟ್ಟುವ ಮಾತು ಇದೇ. ರಾಯಣ್ಣನ ಗಲ್ಲಿನ ದಿನಕ್ಕೂ ಗಣರಾಜ್ಯದ ದಿನಕ್ಕೂ ತಾರೀಖು ಒಂದೇ ಆದದ್ದು ಆಕಸ್ಮಿಕ. ಆದರೆ ಗಲ್ಲಿಗೆ ಕಾರಣವಾದ ಬೇಡಿಕೆಗಳು ಗಣರಾಜ್ಯದ ಕಾನೂನಾದದ್ದು ಆಕಸ್ಮಿಕವಲ್ಲ. ಅದರ ಹಿಂದೆ ನೂರಿಪ್ಪತ್ತು ವರ್ಷಗಳ ದುಡಿಮೆಯಿದೆ.

ಪಂಚಾಂಗದಲ್ಲಿ ಇನ್ನೊಂದು ಸಂಗತಿಯೂ ಸಿಗುತ್ತದೆ. ಅರವತ್ತು ಸಂವತ್ಸರಗಳ ಚಕ್ರ ಎರಡು ಸುತ್ತು ತಿರುಗಿದರೆ ನೂರಿಪ್ಪತ್ತು ವರ್ಷ. 1830ರ ಯುಗಾದಿಗೆ ಬಂದ ವಿಕೃತಿ ಸಂವತ್ಸರ ಎರಡು ಸುತ್ತಿನ ಮೇಲೆ ಮತ್ತೆ ಬಂದದ್ದು 1950ರ ಯುಗಾದಿಗೆ. ಗಣರಾಜ್ಯ ಕಂಡ ಮೊದಲ ಯುಗಾದಿ ಅದು. ಇಂಗ್ಲಿಷ್ ಕ್ಯಾಲೆಂಡರ್ ರಾಯಣ್ಣನನ್ನು ಗಣರಾಜ್ಯಕ್ಕೆ ಜೋಡಿಸಿದರೆ, ಕಡೂರು ತರೀಕೆರೆಗಳ ಹಳೆಯ ಪಂಚಾಂಗ ನಗರದ ಕೂಟವನ್ನು ಅದೇ ಗಣರಾಜ್ಯಕ್ಕೆ ಜೋಡಿಸುತ್ತದೆ.

ಒಂದೇ ದಿನ ಎಲ್ಲರಿಗೂ ಹಬ್ಬವಾಗುವುದಿಲ್ಲ ಎಂಬುದನ್ನೂ ಜನವರಿ 26 ತೋರಿಸುತ್ತದೆ. 1788ರ ಈ ದಿನ ಬ್ರಿಟಿಷ್ ಹಡಗುಗಳು ಸಿಡ್ನಿಯ ದಡದಲ್ಲಿ ಬಾವುಟ ನೆಟ್ಟವು. ಆಸ್ಟ್ರೇಲಿಯಾಕ್ಕೆ ಅದು ರಾಷ್ಟ್ರೀಯ ದಿನ. ಅಲ್ಲಿನ ಮೂಲನಿವಾಸಿಗಳು 1938ರ ಇದೇ ದಿನ ಸೇರಿ ಅದನ್ನು ಶೋಕದ ದಿನವೆಂದು ಸಾರಿದರು. 2001ರಲ್ಲಿ ಗುಜರಾತಿನ ಕಚ್ಛ್‌ನಲ್ಲಿ ಜನ ಬೆಳಗಿನ ಧ್ವಜಾರೋಹಣದ ಸಡಗರದಲ್ಲಿದ್ದಾಗ ಭೂಮಿ ನಡುಗಿತು, ಸಾವಿರಾರು ಮಂದಿ ಸತ್ತರು.

ರಾಯಣ್ಣನನ್ನು ಜನ ಮರೆಯಲಿಲ್ಲ. ಲಾವಣಿಕಾರರು ಹಾಡಿದರು, ಗೀಗೀ ಮೇಳಗಳು ಊರೂರಿಗೆ ಒಯ್ದವು. ನಂದಗಡದಲ್ಲಿ ಅವನ ನೆನಪಿನ ಆಲದ ಮರಕ್ಕೆ ಮಕ್ಕಳಾಗಲೆಂದು ತೊಟ್ಟಿಲು ಕಟ್ಟಿ ಹರಕೆ ಹೊರುವವರು ಇವತ್ತಿಗೂ ಇದ್ದಾರೆ. ಆಗಸ್ಟ್ 15ನ್ನು ಅವನ ಜಯಂತಿಯಾಗಿ ನಾಡು ಆಚರಿಸುತ್ತದೆ. ಕಡೂರಿನಲ್ಲೋ ತರೀಕೆರೆಯಲ್ಲೋ ಬೆಂಗಳೂರಿನ ರೈಲು ಹತ್ತುವ ಅನೇಕರು ಇಳಿಯುವುದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ. ಅವನಿಗೆ ಹುಟ್ಟಿದ ದಿನವೂ ಸತ್ತ ದಿನವೂ ಇವೆ. ದಿನವಿದ್ದರೆ ಮೆರವಣಿಗೆ, ಭಾಷಣ, ಶಾಲೆಯ ಪ್ರಬಂಧ ಎಲ್ಲಕ್ಕೂ ಅವಕಾಶ. ಸರ್ಜಾ ಹನುಮಪ್ಪ ನಾಯಕನಿಗೆ ಗೆಜೆಟಿಯರ್ ಕೊಡುವುದು 1834 ಎಂಬ ವರ್ಷವನ್ನಷ್ಟೇ. ಕೂಟದ ರೈತರಿಗೆ ಅದೂ ಇಲ್ಲ. ತರೀಕೆರೆಯ ಕೆರೆ ಏರಿಯ ಮೇಲೆ ಮೇಯುವ ಕುರಿಮರಿಗಳ ನಾಲಿಗೆ ತೊಡರುವ ಮಾತು ಕನ್ನಡದ ಮಕ್ಕಳಿಗೆಲ್ಲ ಬಾಯಿಪಾಠವಾಗಿದೆ. ಆ ಊರಿನ ದಂಗೆಯೊಂದು ಮೈಸೂರಿನ ಸಿಂಹಾಸನವನ್ನೇ ಅಲುಗಿಸಿತ್ತೆಂಬುದು ದೊಡ್ಡವರಿಗೂ ತಿಳಿದಿಲ್ಲ.

ತರೀಕೆರೆಯ ಹೋಬಳಿಯಾಗಿದ್ದ ಅಜ್ಜಂಪುರ ಈಗ ಸ್ವತಃ ಒಂದು ತಾಲ್ಲೂಕು. ಜನವರಿ 26ರ ಬೆಳಿಗ್ಗೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಊರುಗಳಲ್ಲಿ ತಾಲ್ಲೂಕು ಆಡಳಿತದ ಧ್ವಜಾರೋಹಣ ನಡೆಯುತ್ತದೆ, ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಒಬ್ಬರು ಅಧಿಕಾರಿಯೋ ಮೇಷ್ಟರೋ ಭಾಷಣ ಮಾಡುತ್ತಾರೆ. ಆ ಭಾಷಣ ಬರೆಯುವವರಲ್ಲಿ ಒಂದು ಕೋರಿಕೆ. ದೆಹಲಿಯ ಪಥಸಂಚಲನಕ್ಕೆ ಬರುವ ಮುನ್ನ ಎರಡು ನಿಮಿಷ ಕಲ್ದುರ್ಗ, ಕಾಮನದುರ್ಗಗಳ ಕಡೆ ಮಕ್ಕಳ ಕಣ್ಣು ತಿರುಗಿಸಿ. ರಂಗಪ್ಪ ನಾಯಕ, ಸರ್ಜಾ ಹನುಮಪ್ಪ ನಾಯಕರ ಹೆಸರು ಹೇಳಿ. ಹೊಸಂತೆಯ ಬಯಲಿನಲ್ಲಿ ಸತ್ತವರನ್ನು ನೆನೆಯಿರಿ. ಆಮೇಲೆ ಸಂವಿಧಾನದ 19ನೇ ವಿಧಿಯನ್ನೂ 265ನೇ ವಿಧಿಯನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿ.